ಉಚಿತ ಹೆರಿಗೆಗೆ ನಾವೇಕೆ ಹಣ ಕೊಟ್ಟೆವು?

ಪ್ರಶ್ನೆ: ಕಳೆದ ವರ್ಷ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ತಂಗಿಗೆ ಸಿಸೇರಿಯನ್ ಹೆರಿಗೆಯಾಯಿತು. ರಾತ್ರಿ ಎರಡು ಗಂಟೆಗೆ ಡಾಕ್ಟರು ಮನೆಯಿಂದ ಬಂದು ಶಸ್ತ್ರಚಿಕಿತ್ಸೆ ಮಾಡಿದರು. ಬಾಣಂತಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಕೈಗವಸು, ಹೊಲಿಗೆಯ ದಾರ, ಇಂಜೆಕ್ಷನ್ ಎಲ್ಲವನ್ನೂ ಚೀಟಿ ಬರೆದುಕೊಟ್ಟು ಹೊರಗಿನ ಮೆಡಿಕಲ್ ಶಾಪಿನಿಂದ ತರಿಸಿದರು, ರೂ. 1,850 ಆಯಿತು. ಗಂಡು ಮಗುವೆಂದು ವಾರ್ಡಿನ ಆಯಾ ರೂ. 500 ಪಡೆದರು. ಮನೆಗೆ ಮರಳಲು ಬಾಡಿಗೆ ಗಾಡಿಗೆ ರೂ. 900 ಕೊಟ್ಟೆವು. ಈಗ ನನ್ನ ಹೆಂಡತಿ ಏಳು ತಿಂಗಳ ಚೊಚ್ಚಲ ಬಸುರಿ. ಒಡವೆ ಅಡವಿಟ್ಟಾದರೂ ರೂ. 45,000 ಕೇಳಿರುವ ಖಾಸಗಿ ನರ್ಸಿಂಗ್ ಹೋಮಿಗೇ ಹೋಗಬೇಕೆಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ನೀವು ಕೊಟ್ಟ ಆ ಮೂರು ಮೊತ್ತಗಳಲ್ಲಿ ಒಂದನ್ನೂ ಕೊಡಬೇಕಾಗಿರಲಿಲ್ಲ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ಅಗತ್ಯ ಬಿದ್ದರೆ ರಕ್ತ, ಬಾಣಂತಿಯ ಊಟ ಎಲ್ಲವೂ ಉಚಿತ. ಇದಕ್ಕೆ ಬಿಪಿಎಲ್ ಕಾರ್ಡ್ ಇರಬೇಕೆಂಬ ನಿಯಮವೂ ಇಲ್ಲ. ಬಾಣಂತಿಯನ್ನು ಮನೆಗೆ ತಲುಪಿಸುವುದೂ ಇದರಲ್ಲೇ ಸೇರಿದ್ದು, ನಮ್ಮ ರಾಜ್ಯದಲ್ಲಿ ಆ ಕೆಲಸಕ್ಕೆಂದೇ ‘ನಗು-ಮಗು’ ವಾಹನಗಳನ್ನು ಕೊಡಲಾಗಿದೆ. ಡಿಸ್ಚಾರ್ಜ್ ಆಗುವ ಹಿಂದಿನ ದಿನವೇ ಅದನ್ನು ಕೇಳಿಟ್ಟುಕೊಳ್ಳಿ.

ಚೀಟಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬಹುಕಾಲ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಕೆಲಸ ಮಾಡಿದವನು. ನಡುರಾತ್ರಿ ಹೊಲಿಗೆಯ ದಾರ ಮುಗಿದು ಹೋಗಿರುವುದು ಎಷ್ಟೋ ಸಲ ನಿಜವೇ ಆಗಿರುತ್ತದೆ, ಆಗ ವೈದ್ಯರಿಗೆ ಹೆಂಗಸಿನ ಜೀವ ಉಳಿಸುವುದೊಂದೇ ಮುಖ್ಯವಾಗುತ್ತದೆ. ಆದರೆ ದಾಸ್ತಾನು ಮುಗಿದಾಗ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಆಸ್ಪತ್ರೆಯೇ ಸ್ಥಳೀಯವಾಗಿ ಖರೀದಿಸಲು ಅವಕಾಶವಿರುವಾಗ ಆ ಹೊರೆಯನ್ನು ಬಸುರಿಯ ಮನೆಯವರ ಮೇಲೆ ಹಾಕುವುದು ತಪ್ಪು. ಆ ಗಳಿಗೆಯಲ್ಲಿ ವಾದಕ್ಕೆ ನಿಲ್ಲಬೇಡಿ, ಔಷಧ ತಂದುಕೊಡಿ. ಚೀಟಿ ಮತ್ತು ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು ಮರುದಿನ ಆಡಳಿತ ವೈದ್ಯಾಧಿಕಾರಿಗೆ ಲಿಖಿತವಾಗಿ ಕೊಡಿ, ಅಲ್ಲಿ ಫಲ ಸಿಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ. 104ಕ್ಕೆ ಕರೆ ಮಾಡಿಯೂ ದೂರು ನೀಡಬಹುದು. ಆಯಾ ಕೇಳಿದ್ದು ಲಂಚ. ಹೊರಗುತ್ತಿಗೆಯ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾರದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದು ನನಗೆ ಇಂದಿಗೂ ನೋವಿನ ಸಂಗತಿ. ಹಾಗೆಂದು ಅವರ ಸಂಬಳವನ್ನು ನಿಮ್ಮ ತಂಗಿ ಕೊಡಬೇಕಾಗಿಲ್ಲ.

ಇನ್ನು, ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ. ಗೋಡೆಯ ಬಣ್ಣ, ಪ್ರತ್ಯೇಕ ಕೋಣೆ ಇವುಗಳಿಂದ ಹೆರಿಗೆ ಸುರಕ್ಷಿತವಾಗುವುದಿಲ್ಲ. ನೀವು ನೋಡುತ್ತಿರುವ ನರ್ಸಿಂಗ್ ಹೋಮಿನಲ್ಲಿ ರಾತ್ರಿಯೂ ಅರಿವಳಿಕೆ ತಜ್ಞರು ಸಿಗುತ್ತಾರೆಯೇ, ರಕ್ತ ಎಲ್ಲಿಂದ ಬರುತ್ತದೆ, ಹುಟ್ಟಿದ ಮಗುವಿಗೆ ಉಸಿರಾಟದ ತೊಂದರೆಯಾದರೆ ಎಲ್ಲಿಗೆ ಕಳುಹಿಸುತ್ತಾರೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಅನೇಕ ಕಡೆ ಬರುವ ಉತ್ತರ ‘ಜಿಲ್ಲಾ ಆಸ್ಪತ್ರೆಗೆ’ ಎಂಬುದೇ ಆಗಿರುತ್ತದೆ, ಏಕೆಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುವುದು ಅಲ್ಲಿ. ಇದೇ ಪ್ರಶ್ನೆಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಕೇಳಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ನಡೆಯುತ್ತದೆ. ತಾಯಿ ಕಾರ್ಡ್ ಹಿಡಿದು ಪತ್ನಿಯನ್ನು ಕರೆದುಕೊಂಡು ಹೋಗಿ, ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಚಿಕಿತ್ಸೆ ಆರಂಭಿಸಲು ಇನ್ನೂ ಸಮಯವಿದೆ. 7ಕ್ಕಿಂತ ಕಡಿಮೆಯಿದ್ದರೆ ಅಥವಾ ರಕ್ತದೊತ್ತಡ ಹೆಚ್ಚಿದ್ದರೆ ತಾಲ್ಲೂಕು ಆಸ್ಪತ್ರೆಯನ್ನೂ ನರ್ಸಿಂಗ್ ಹೋಮನ್ನೂ ಬಿಟ್ಟು ಜಿಲ್ಲಾ ಆಸ್ಪತ್ರೆಯಲ್ಲಿಯೇ ಹೆರಿಗೆಗೆ ಸಿದ್ಧರಾಗಿ. ಒಡವೆ ಅಡವಿಡುವ ಮಾತನ್ನು ಆ ತಪಾಸಣೆ ಮುಗಿಯುವವರೆಗೆ ಮುಂದೂಡಿ ಎಂದು ಹಿರಿಯರಿಗೆ ನನ್ನ ಹೆಸರಿನಲ್ಲಿಯೇ ತಿಳಿಸಿ.