ಹಳೇ ಮಾರುತಿ 800ರ ಬಾನೆಟ್ ಲಾಕ್ ಸಿಕ್ಕಿಕೊಂಡಿದೆ, ಲಿವರ್ ಜಗ್ಗಿದರೂ ಏಳುತ್ತಿಲ್ಲ. ಮನೆಯಲ್ಲೇ ಬಿಚ್ಚಬಹುದೇ?

ಬಿಚ್ಚಬಹುದು. ಬಳ್ಳಾರಿ–ಸಂಡೂರು ನಡುವೆ ದಿನಾ ಓಡಾಡುವ ಗಾಡಿ, ಲಿವರ್ ಗಟ್ಟಿಯಾಗಿದೆ, ಸ್ವಲ್ಪ ಬಂದು ನಿಂತುಬಿಡುತ್ತದೆ ಅಂತ ಬರೆದಿದ್ದೀರಿ. ಗಟ್ಟಿ ಇದೆ ಅಂದರೆ ಕೇಬಲ್ ಇನ್ನೂ ಹರಿದಿಲ್ಲ. ಹಾಗಾಗಿ ದಯವಿಟ್ಟು ಇನ್ನಷ್ಟು ಜೋರಾಗಿ ಜಗ್ಗಬೇಡಿ. ಈಗ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ಕೇಬಲ್ ಹರಿದರೆ ಅರ್ಧ ದಿನ ಹಿಡಿಯುತ್ತದೆ.

ಬಾನೆಟ್ ಅಡಿಯ ಕಬ್ಬಿಣದ ಕೊಂಡಿಯನ್ನು ಲಾಕ್‌ನ ಕೊಕ್ಕೆ ಕಚ್ಚಿ ಹಿಡಿದಿರುತ್ತದೆ. ರಬ್ಬರ್ ಗುಬುಟುಗಳು, ಸ್ಪ್ರಿಂಗ್ ಎರಡೂ ಬಾನೆಟ್ಟನ್ನು ಸದಾ ಮೇಲಕ್ಕೆ ಒತ್ತುತ್ತವೆ, ಆ ಭಾರವೆಲ್ಲ ಕೊಕ್ಕೆಯ ಮೇಲೆ. ಗ್ರೀಸ್ ಚೆನ್ನಾಗಿದ್ದರೆ ಕೊಕ್ಕೆ ಜಾರುತ್ತದೆ. ನಮ್ಮ ಕಡೆಯ ತೊಂದರೆ ಅದಿರಿನ ಧೂಳು. ಮೆತ್ತಗೆ ಕಂಡರೂ ಅದು ಗಟ್ಟಿ ಕಬ್ಬಿಣದ ಅದಿರೇ. ಹಳೆ ಗ್ರೀಸಿನೊಂದಿಗೆ ಕಲೆತು ಇಟ್ಟಿಗೆ ಬಣ್ಣದ ಅಂಟು ಆಗುತ್ತದೆ, ಬೆರಳಲ್ಲಿ ತಿಕ್ಕಿದರೆ ವಾಲ್ವ್ ಉಜ್ಜುವ ಪೇಸ್ಟಿನಂತೆ ಗರಗರ ಅನ್ನುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ಎಣ್ಣೆಯಂಶ ಆರಿ, ಅದೇ ಅಂಟು ಪಿವಟ್, ಅಂದರೆ ಕೊಕ್ಕೆ ತಿರುಗುವ ಕೀಲಿನ ಸುತ್ತ ಹೆಕ್ಕಳಿಕೆಯಾಗಿ ಕೂತುಬಿಡುತ್ತದೆ.

ಆದ್ದರಿಂದ ಬರೀ ಜಗ್ಗಿದರೆ ಸಾಲದು, ಜೊತೆಗೆ ಒತ್ತಲೂ ಬೇಕು. ಇಬ್ಬರು ಬೇಕು. ಒಬ್ಬರು ಲಿವರ್ ಜಗ್ಗಿ ಹಾಗೇ ಹಿಡಿದಿರಲಿ. ಇನ್ನೊಬ್ಬರು ಮುಂದೆ ನಿಂತು, ಸರಿಯಾಗಿ ಲಾಕ್ ಮೇಲೆ ಎರಡೂ ಅಂಗೈ ಇಟ್ಟು ನಿಧಾನವಾಗಿ ಅದುಮಿ, ಫಕ್ಕನೆ ಬಿಡಲಿ. ಗುದ್ದಬೇಡಿ, ತಗಡು ತಗ್ಗು ಬೀಳುತ್ತದೆ. ಅದುಮಿದಾಗ ಕೊಕ್ಕೆಯ ಮೇಲಿನ ಭಾರ ಇಳಿಯುತ್ತದೆ, ಅಷ್ಟರಲ್ಲಿ ಕೇಬಲ್ ಅದನ್ನು ಸರಿಸುತ್ತದೆ. ಹತ್ತು ಸಲವಾದರೂ ಮಾಡಿ. ಆಗದಿದ್ದರೆ ಗ್ರಿಲ್ ಸಂದಿಯಲ್ಲಿ ಟಾರ್ಚ್ ಬಿಟ್ಟು ಲಾಕ್ ಎಲ್ಲಿದೆ ನೋಡಿಕೊಂಡು, ಸ್ಪ್ರೇ ಡಬ್ಬಿಯ ಉದ್ದ ನಳಿಗೆಯಿಂದ ಡಬ್ಲ್ಯುಡಿ-40 (ಬಿಗಿದದ್ದನ್ನು ಬಿಡಿಸುವ ಎಣ್ಣೆ) ಹೊಡೆಯಿರಿ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ, ಜಗ್ಗಿ.

ಎಂಜಿನ್ ಪೂರ್ತಿ ಆರಿರಬೇಕು, ಕೀ ಜೇಬಿನಲ್ಲಿರಬೇಕು. ರೇಡಿಯೇಟರ್ ಫ್ಯಾನ್ ಕರೆಂಟಿನದು, ಬ್ಯಾಟರಿ ಬಾನೆಟ್ ಒಳಗೇ ಇರುವುದರಿಂದ ಈಗ ಟರ್ಮಿನಲ್ ಬಿಚ್ಚಲು ಬರುವುದಿಲ್ಲ. ಗ್ರಿಲ್ ಒಳಗೆ ಕೈ ಹಾಕುವವರು ಇದನ್ನು ಮರೆಯಬಾರದು.

ಇಷ್ಟರಲ್ಲಿ ಲಿವರ್ ದಿಢೀರನೆ ಸಡಿಲಾದರೆ ಕೇಬಲ್ ತುಂಡಾಗಿದೆ ಅಥವಾ ತುದಿಯಿಂದ ಕಳಚಿದೆ. ಲಿವರ್ ಬಿಚ್ಚಿ ನೋಡಿ, ಹೆಚ್ಚಾಗಿ ಹರಿಯುವುದು ಅಲ್ಲೇ. ಒಳತಂತಿಯನ್ನು ಬಿಗಿಯಾಗಿ ಕಚ್ಚಿ ನಿಲ್ಲುವ ಇಕ್ಕಳ, ಅಂದರೆ ವೈಸ್ ಗ್ರಿಪ್‌ನಲ್ಲಿ ಕಚ್ಚಿ ಎಳೆಯಿರಿ, ಇನ್ನೊಂದು ಕೈಯಲ್ಲಿ ಹೊರಗಿನ ಕವಚವನ್ನು ಬಿಗಿಯಾಗಿ ಹಿಡಿದಿರಿ. ಕವಚ ಹಿಡಿಯದಿದ್ದರೆ ಎರಡೂ ಒಟ್ಟಿಗೇ ಬಂದು ಲಾಕ್ ಕದಲುವುದಿಲ್ಲ. ಲಾಕ್ ತುದಿಯಲ್ಲೇ ಹರಿದಿದ್ದರೆ ಗ್ರಿಲ್ ಬಿಚ್ಚಿ, ಕೇಬಲ್ ಯಾವ ಕಡೆ ಎಳೆಯುತ್ತಿತ್ತೋ ಆ ಕಡೆಗೆ ಲಾಕ್‌ನ ತೋಳನ್ನು ಉದ್ದ ಸ್ಕ್ರೂಡ್ರೈವರಿನಿಂದ ತಳ್ಳಬೇಕು. ಬಾನೆಟ್ ಅಂಚಿಗೆ ಹಾರೆ, ಸ್ಕ್ರೂಡ್ರೈವರ್ ತೂರಿಸಿ ಎತ್ತುವುದು ಬೇಡವೇ ಬೇಡ: ಲಾಕ್ ಬಿಡುವ ಮೊದಲು ತಗಡು ಸೊಟ್ಟಗಾಗುತ್ತದೆ.

ತೆರೆದ ಮೇಲೆ ಸಂತೋಷಕ್ಕೆ ಮುಚ್ಚಿಬಿಡಬೇಡಿ! ಮಾರ್ಕರಿನಿಂದ ಲಾಕ್ ಸುತ್ತ ಗೆರೆ ಎಳೆದುಕೊಂಡು, ಆಮೇಲೆ 10ರ ಪಾನಾ ಹಾಕಿ ಬಿಚ್ಚಿ. ಗೆರೆ ಇಲ್ಲದಿದ್ದರೆ ಮತ್ತೆ ಕೂರಿಸುವಾಗ ಕೊಂಡಿಗೂ ಕೊಕ್ಕೆಗೂ ನೇರ ಸಿಗುವುದಿಲ್ಲ. ಅರ್ಧ ಲೋಟ ಡೀಸೆಲ್‌ನಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಕೆಂಪು ನೀರು ಬರುವುದು ನಿಲ್ಲುವ ತನಕ ತಿಕ್ಕಿ, ಬಟ್ಟೆಯಿಂದ ಒರೆಸಿ ಒಣಗಿಸಿ. ಡಬ್ಲ್ಯುಡಿ-40 ಹೊಡೆದಾಯಿತಲ್ಲ ಅಂತ ಇಲ್ಲಿಗೇ ನಿಲ್ಲಿಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಇದೇ ಪಾಡು. ಅದು ಬಿಡಿಸುವ ಎಣ್ಣೆ, ಉಳಿಯುವ ಗ್ರೀಸ್ ಅಲ್ಲ. ಪಿವಟ್‌ಗೆ, ಕೊಕ್ಕೆಯ ಬಾಯಿಗೆ ಒಂದೊಂದು ಶೇಂಗಾ ಕಾಳಿನಷ್ಟು ಬಿಳಿ ಲಿಥಿಯಂ ಗ್ರೀಸ್ ಸಾಕು. ಮೆತ್ತಿದಷ್ಟೂ ಧೂಳು ಹಿಡಿಯುತ್ತದೆ, ಹೊರಗೆ ಬಂದದ್ದನ್ನು ಒರೆಸಿಬಿಡಿ.

ಕೇಬಲ್ ತುದಿಯಲ್ಲಿ ಒಂದೆರಡು ಎಳೆ ಬಿಚ್ಚಿಕೊಂಡಿದ್ದರೂ ಬದಲಾಯಿಸಿ. ಈ ಗಾಡಿಯ ತಯಾರಿಕೆ 2014ರಲ್ಲಿ ನಿಂತಿದ್ದರೂ ಇಂಥ ಸಾಮಾನು ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದನ್ನು ಎಳೆಯುವ ಮೊದಲು ಅದರ ತುದಿಗೆ ಗಟ್ಟಿ ದಾರ ಕಟ್ಟಿ. ಕೇಬಲ್ ಹೊರಬಂದಾಗ ದಾರ ಅದೇ ದಾರಿಯಲ್ಲಿ ಉಳಿದಿರುತ್ತದೆ, ಹೊಸದನ್ನು ಕಟ್ಟಿ ಎಳೆದುಕೊಂಡರಾಯಿತು. ಚೂಪು ತಿರುವು ಎಲ್ಲೂ ಇರಬಾರದು. ಎಂಜಿನ್ ಗೋಡೆಯ ತೂತಿನ ರಬ್ಬರ್ ಬುಷ್ ಮತ್ತೆ ಕೂರಿಸಿ, ಇಲ್ಲವಾದರೆ ಮಳೆಗಾಲದಲ್ಲಿ ಕಾಲಡಿಗೆ ನೀರು ಬರುತ್ತದೆ.

ಎಲ್ಲ ಜೋಡಿಸಿ, ಬಾನೆಟ್ ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒತ್ತಿ ಕಚ್ಚಿಸಿ, ಲಿವರ್ ಜಗ್ಗಿ ನೋಡಿ. ಐದು ಸಲವೂ ಟಕ್ ಅಂತ ಬಿಟ್ಟರೆ ಮಾತ್ರ ಮುಚ್ಚಿ. ನಂತರ ಎರಡನೇ ಕೊಕ್ಕೆ, ಅಂದರೆ ಬೆರಳು ತೂರಿಸಿ ಸರಿಸುವ ಸೇಫ್ಟಿ ಕ್ಯಾಚ್, ಬೆರಳು ಬಿಟ್ಟ ಕೂಡಲೇ ತಾನಾಗಿ ಹಿಂದಕ್ಕೆ ಬರಬೇಕು. ಅದು ಸೋಮಾರಿಯಾಗಿದ್ದರೆ ಗಾಡಿ ಹೊರಗೆ ತೆಗೆಯಬೇಡಿ. ಹೊಸಪೇಟೆ ಹೆದ್ದಾರಿಯಲ್ಲಿ ಎದುರಿನ ಲಾರಿಯ ಗಾಳಿಗೆ ಬಾನೆಟ್ ಹಾರಿ ಗಾಜಿಗೆ ಬಡಿದರೆ ಮುಂದೇನೂ ಕಾಣುವುದಿಲ್ಲ. ಇದೊಂದರಲ್ಲಿ ಮಾತ್ರ ಹಗ್ಗ ಕಟ್ಟಿ ಸುಧಾರಿಸೋಣ ಅನ್ನಬೇಡಿ.

ವಾಟರ್ ಸರ್ವೀಸಿನಲ್ಲಿ ಜೋರು ನೀರನ್ನು ನೇರವಾಗಿ ಲಾಕ್‌ಗೆ ಹೊಡೆಸಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತದೆ. ಸಂಡೂರು ರಸ್ತೆಯ ಗಾಡಿಗೆ ಮೂರು ತಿಂಗಳಿಗೊಮ್ಮೆ ಲಾಕ್ ಒರೆಸಿ ಹೊಸ ಗ್ರೀಸ್ ಹಚ್ಚಿ.