ಮರಿಬೆಕ್ಕಿನ ಮೈತುಂಬಾ ಚಿಗಟ, ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನಮ್ಮ ಬೆಕ್ಕು ಅಟ್ಟದ ಮೇಲೆ ಮರಿ ಹಾಕಿತ್ತು. ಮೂರರಲ್ಲಿ ಉಳಿದದ್ದು ಒಂದೇ. ಈಗ ಅದಕ್ಕೆ ಐದು ವಾರ, ತೂಕ ಅರ್ಧ ಕೆಜಿ ಇರಬಹುದು. ಅಪ್ಪ ಯಾವುದೋ ಪರ್ಷಿಯನ್ ಬೆಕ್ಕು ಅಂತ ಕಾಣುತ್ತದೆ, ಮರಿಗೆ ಹತ್ತಿ ಹಿಂಜಿದ ಹಾಗೆ ಕೂದಲು. ಅದರೊಳಗೆ ಕಂದು ಬಣ್ಣದ ಚಿಗಟಗಳು ಸರಸರ ಓಡುತ್ತವೆ. ಹಿಡಿಯಲು ಹೋದರೆ ಹಾರಿಬಿಡುತ್ತವೆ. ಮರಿ ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಪಕ್ಕದ ಮನೆಯವರು, ನಮ್ಮ ನಾಯಿಗೆ ತಂದ ಡ್ರಾಪ್ಸ್ ಉಳಿದಿದೆ, ಎರಡೇ ಹನಿ ಹಾಕಿ ಅನ್ನುತ್ತಾರೆ. ನಮ್ಮ ಅತ್ತೆ ಸೀತಾಫಲದ ಬೀಜ ಅರೆದು ಹಚ್ಚು ಅನ್ನುತ್ತಾರೆ. ಯಾವುದು ಮಾಡಲಿ?
– ಓದುಗರು, ಸಾಗರ

ಉತ್ತರ: ಎರಡೂ ಬೇಡ. ನಾಯಿಯ ಡ್ರಾಪ್ಸ್ ಅಂತೂ ಮರಿಯ ಹತ್ತಿರವೂ ತರಬೇಡಿ. ನಾಯಿಗಳಿಗೆ ಅಂತ ಮಾಡಿದ ಎಷ್ಟೋ ಡ್ರಾಪ್ಸ್, ಪೌಡರ್‌ಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿಯ ಲಿವರ್ ಅದನ್ನು ಒಡೆದು ಹೊರಗೆ ಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಅದು ಸರಿಯಾಗಿ ಆಗುವುದಿಲ್ಲ. ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಫಿಟ್ಸ್ ಬರುತ್ತದೆ. ಬೆಳೆದ ಬೆಕ್ಕುಗಳೇ ಇದರಿಂದ ಸಾಯುತ್ತವೆ, ಇನ್ನು ಅರ್ಧ ಕೆಜಿ ಮರಿಯ ಗತಿ ಏನು ಹೇಳಿ. ಸೀತಾಫಲದ ಬೀಜಕ್ಕೆ ಹೇನು ಸಾಯುವುದು ನಿಜ, ಅತ್ತೆ ಹೇಳಿದ್ದು ಸುಳ್ಳಲ್ಲ. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರಕ್ಕೇ ಗಾಯ ಮಾಡುತ್ತದೆ. ಅಲ್ಲದೆ ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುವ ಪ್ರಾಣಿ. ಹಾಗಾಗಿ ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಕರ್ಪೂರ, ಫಿನಾಯಿಲ್, ಡೆಟಾಲ್, ಟೀ ಟ್ರೀ ಎಣ್ಣೆ ಯಾವುದೂ ಬೇಡ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಹೋಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ, ಅದನ್ನೂ ಕೊಡಬೇಡಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಮರಿಯ ತುಟಿ ಮೆಲ್ಲಗೆ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ, ಮರಿ ಆಟ ಬಿಟ್ಟು ಮುದುಡಿ ಮಲಗುತ್ತಿದ್ದರೆ, ಮೈ ತಣ್ಣಗಿದ್ದರೆ, ಮುಂದಿನದು ಓದುತ್ತಾ ಕೂರಬೇಡಿ, ಬಟ್ಟೆಯಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಹೊರಡಿ. ಈ ಗಾತ್ರದ ಮರಿಯ ಮೈಯಲ್ಲಿ ಇರುವ ರಕ್ತವೇ ಒಟ್ಟು ಸುಮಾರು 30 ಮಿಲಿ, ಎರಡು ದೊಡ್ಡ ಚಮಚದಷ್ಟು. ಹತ್ತಾರು ಚಿಗಟ ದಿನವೂ ಅದನ್ನೇ ಹೀರುತ್ತಿದ್ದರೆ ರಕ್ತಹೀನತೆ ಬಂದೇ ಬರುತ್ತದೆ. ಚಿಗಟದಿಂದ ಏನಾಗುತ್ತದೆ ಬಿಡಿ ಅಂತ ಸುಮ್ನೆ ಇದ್ದು ಮರಿ ಕಳೆದುಕೊಳ್ಳುವ ಮನೆಗಳು ತುಂಬಾ ಇವೆ, ನನಗೆ ಸಂಕಟವಾಗುವುದು ಅದಕ್ಕೇ.

ವಸಡು ಚೆನ್ನಾಗಿದ್ದರೆ ತಲೆಯ ಹೇನು ತೆಗೆಯುವ ಸೀರಣಿಗೆ ಒಂದು ತನ್ನಿ. ಇಷ್ಟು ಚಿಕ್ಕ ಮರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಕೂದಲು ದಟ್ಟ ಇರುವುದರಿಂದ ಮೊದಲು ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ, ಇಲ್ಲದಿದ್ದರೆ ಸೀರಣಿಗೆ ಚರ್ಮದ ತನಕ ಇಳಿಯುವುದಿಲ್ಲ. ಗಂಟು ಬಿಡದಿದ್ದರೆ ಎಳೆಯಬೇಡಿ, ಮೊಂಡು ತುದಿಯ ಕತ್ತರಿಯಲ್ಲಿ ಹುಷಾರಾಗಿ ಕತ್ತರಿಸಿ. ಆಮೇಲೆ ಕೂದಲನ್ನು ಬೈತಲೆ ತೆಗೆದಂತೆ ಬೇರ್ಪಡಿಸಿಕೊಂಡು, ಬುಡದಿಂದ ತುದಿಗೆ ಸೀರಣಿಗೆ ಎಳೆಯಿರಿ. ಕುತ್ತಿಗೆ, ಗದ್ದದ ಕೆಳಗೆ, ಕಿವಿಯ ಹಿಂದೆ, ಹೊಟ್ಟೆ, ಬಾಲದ ಬುಡ, ಚಿಗಟ ಜಾಸ್ತಿ ಸೇರುವುದು ಇಲ್ಲೇ. ಪಕ್ಕದಲ್ಲಿ ಬಟ್ಟಲಲ್ಲಿ ಸೋಪಿನ ನೀರಿರಲಿ. ಚಿಗಟ ಸಿಕ್ಕಿದ ತಕ್ಷಣ ಸೀರಣಿಗೆಯನ್ನು ಅದರಲ್ಲಿ ಅದ್ದಿ, ಮುಳುಗಿ ಸಾಯುತ್ತವೆ. ಬರೀ ನೀರಾದರೆ ಮೇಲೆ ತೇಲಿ ಮತ್ತೆ ಹಾರುತ್ತವೆ. ದಿನಕ್ಕೆ ಎರಡು ಸಲ ಮಾಡಿ, ಮರಿ ಬೇಜಾರು ಮಾಡಿಕೊಂಡರೆ ಸ್ವಲ್ಪ ಬಿಟ್ಟು ಮತ್ತೆ ಶುರು ಮಾಡಿ.

ತುಂಬಾ ಚಿಗಟ ಇದ್ದರೆ ಒಂದು ಸಲ ಸ್ನಾನ ಮಾಡಿಸಬಹುದು. ಐದು ವಾರದ ಮರಿ, ಚುರುಕಾಗಿದೆ ಅಂದರೆ ಮಾತ್ರ. ಉಗುರುಬೆಚ್ಚಗಿನ ನೀರು, ಮಕ್ಕಳ ಶಾಂಪೂ ಒಂದೆರಡು ಹನಿ ಸಾಕು. ಮೊದಲು ಕುತ್ತಿಗೆ ಸುತ್ತ ನೊರೆ ಮಾಡಿ. ಮೈ ಒದ್ದೆಯಾಗುತ್ತಲೇ ಚಿಗಟಗಳು ಮುಖದ ಕಡೆಗೆ ಓಡುತ್ತವೆ, ಆ ನೊರೆ ಅವನ್ನು ತಡೆಯುತ್ತದೆ. ತಲೆಗೆ ನೀರು ಹಾಕಬೇಡಿ, ಮುಖದಲ್ಲಿ ಇದ್ದವನ್ನು ಸೀರಣಿಗೆಯಲ್ಲೇ ತೆಗೆಯಿರಿ. ಐದು ನಿಮಿಷದಲ್ಲಿ ಮುಗಿಸಿ. ಸೋಪು ಪೂರ್ತಿ ತೊಳೆದು, ಟವೆಲಿನಲ್ಲಿ ಒತ್ತಿ ಒತ್ತಿ ಒರೆಸಿ. ದಟ್ಟ ಕೂದಲಿನ ಮರಿ ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ಒದ್ದೆ ಉಳಿದಿರುತ್ತದೆ, ಬೆರಳು ಹಾಕಿ ನೋಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಒದ್ದೆ ಮರಿಯನ್ನು ಹಾಗೇ ಬಿಟ್ಟರೆ ಚಳಿ ಹಿಡಿದೇ ಹೋಗಿಬಿಡಬಹುದು. ಪೂರ್ತಿ ಒಣಗುವ ತನಕ ಮಡಿಲಲ್ಲೇ ಬೆಚ್ಚಗೆ ಇಟ್ಟುಕೊಳ್ಳಿ.

ಔಷಧವೇ ಬೇಡ ಅಂತ ನಾನು ಹೇಳುತ್ತಿಲ್ಲ. ಚಿಗಟ ಕೊಲ್ಲುವ ಫಿಪ್ರೊನಿಲ್ ಸ್ಪ್ರೇಯನ್ನು ಎಳೆ ಮರಿಗೂ ಬಳಸುವುದುಂಟು. ಆದರೆ ತೂಕ ನೋಡಿ, ಕೂದಲಿನ ಉದ್ದ ನೋಡಿ ಅಳತೆ ಹೇಳಬೇಕು, ಅದು ಡಾಕ್ಟರ ಕೆಲಸ. ಕತ್ತಿನ ಹಿಂದೆ ಬಿಡುವ ಬೆಕ್ಕಿನ ಡ್ರಾಪ್ಸ್‌ಗಳಲ್ಲಿ ಹೆಚ್ಚಿನವು 8 ವಾರ ತುಂಬಿದ ಮೇಲೆ. ತಾಯಿ ಬೆಕ್ಕನ್ನೂ ಜೊತೆಗೇ ಕರೆದುಕೊಂಡು ಹೋಗಿ, ಹಾಲು ಕುಡಿಸುತ್ತಿದೆ ಅಂತ ಹೇಳಿ ಅದಕ್ಕೆ ಒಗ್ಗುವ ಔಷಧ ಹಾಕಿಸಿ. ಮರಿಯನ್ನು ಎಷ್ಟು ಬಾಚಿದರೂ ತಾಯಿಯ ಮೈಯಿಂದ ಮತ್ತೆ ಹತ್ತುತ್ತದೆ, ಅಲ್ವಾ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಬಾಡಿಗೆ ಮನೆ. ಬೆಕ್ಕಿಗೆ ಡಾಕ್ಟರ್ ಕೊಟ್ಟ ಡ್ರಾಪ್ಸ್ ಹಾಕಿದೆವು. ಎರಡು ವಾರಕ್ಕೆ ಮತ್ತೆ ಚಿಗಟ ಕಂಡವು. ಮಗಳ ಪಾದದ ಹತ್ತಿರ ಕೆಂಪು ಗುಳ್ಳೆ ಎದ್ದಿವೆ. ಔಷಧ ನಕಲಿ ಇರಬಹುದೇ? ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ ಮನೆಯವರು ಹೇಳುತ್ತಿದ್ದಾರೆ.
– ಓದುಗರು, ಬೆಂಗಳೂರು

ಉತ್ತರ: ಬೆಕ್ಕನ್ನು ಕೊಡಬೇಡಿ. ಈಗ ಅದನ್ನು ಕಳಿಸಿದರೆ ಮನೆಯಲ್ಲಿ ಉಳಿದ ಚಿಗಟಕ್ಕೆ ಕಚ್ಚಲು ನೀವೇ ಗತಿ. ಔಷಧವೂ ನಕಲಿ ಇರಲಿಕ್ಕಿಲ್ಲ. ಹೆಣ್ಣು ಚಿಗಟ ರಕ್ತ ಕುಡಿಯಲು ಶುರು ಮಾಡಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡುತ್ತದೆ, ದಿನಕ್ಕೆ 40ರ ತನಕವೂ. ಮೊಟ್ಟೆ ಕೂದಲಿಗೆ ಅಂಟುವುದಿಲ್ಲ, ಬೆಕ್ಕು ಮಲಗಿದ ಕಡೆಯೆಲ್ಲ ಉದುರುತ್ತದೆ. ಅದರಿಂದ ಬಂದ ಹುಳ ಸೋಫಾ ಸಂದಿಯಲ್ಲಿ, ಚಾಪೆಯ ಅಡಿಯಲ್ಲಿ, ಮಂಚದ ಕೆಳಗಿನ ದೂಳಿನಲ್ಲಿ ಬೆಳೆದು ಗೂಡು ಕಟ್ಟುತ್ತದೆ. ಆ ಗೂಡಿನೊಳಗೆ ಯಾವ ಸ್ಪ್ರೇಯೂ ಸರಿಯಾಗಿ ತಾಗುವುದಿಲ್ಲ, ಅದರಲ್ಲೇ ತಿಂಗಳುಗಟ್ಟಲೆ ಕಾಯಬಲ್ಲದು. ಹತ್ತಿರ ಯಾರಾದರೂ ಓಡಾಡಿದ ಅದುರು, ಮೈಯ ಬಿಸಿ ತಾಗಿದರೆ ಹೊರಗೆ ಬರುತ್ತದೆ. ನೀವು ಈಗ ನೋಡುತ್ತಿರುವುದು ಈ ಹೊಸ ಚಿಗಟಗಳನ್ನು.

ಹಾಗಾಗಿ ಬೆಕ್ಕಿನ ಹಾಸಿಗೆ, ಸೋಫಾ ಕವರ್, ಬೆಡ್‌ಶೀಟ್ ಎಲ್ಲ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ, 60 ಡಿಗ್ರಿ ಬಿಸಿ ಇದ್ದರೆ ಮೊಟ್ಟೆಯೂ ಉಳಿಯುವುದಿಲ್ಲ. ಚಾಪೆ, ದಿಂಬು ಕಡು ಬಿಸಿಲಿಗೆ ಹಾಕಿ, ಒಣ ಬಿಸಿಲನ್ನು ಚಿಗಟದ ಮರಿಹುಳ ತಡೆದುಕೊಳ್ಳುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ದಿನಾ ಮೂಲೆ ಮೂಲೆ ಎಳೆದು, ಒಳಗಿನ ದೂಳನ್ನು ಕವರಿಗೆ ಹಾಕಿ ಕಟ್ಟಿ ಹೊರಗೆ ಎಸೆಯಿರಿ. ಇಲ್ಲದಿದ್ದರೆ ಪೊರಕೆ, ಒದ್ದೆ ಬಟ್ಟೆಯೇ ಸಾಕು, ಆದರೆ ಮಂಚ ಸರಿಸಿ ಗುಡಿಸಬೇಕು. ಡ್ರಾಪ್ಸನ್ನು ಡಾಕ್ಟರ್ ಹೇಳಿದ ದಿನಕ್ಕೆ ತಪ್ಪದೆ ಹಾಕುತ್ತಾ ಬನ್ನಿ, ಕಮ್ಮಿ ಅಂದರೂ ಮೂರು ತಿಂಗಳು. ಚಿಗಟ ಕಾಣುತ್ತಿಲ್ಲ ಅಂತ ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು.

ಮಗಳ ಗುಳ್ಳೆಗೆ ತಣ್ಣೀರ ಬಟ್ಟೆ ಒತ್ತಿ, ಕೆರೆಯದಂತೆ ಉಗುರು ಕತ್ತರಿಸಿ. ಬೆಕ್ಕಿನ ಚಿಗಟ ಮನುಷ್ಯರ ಮೈಮೇಲೆ ಮನೆ ಮಾಡುವುದಿಲ್ಲ, ಕಚ್ಚಿ ಹೋಗುತ್ತದೆ. ಗುಳ್ಳೆ ಕೀವಾದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಇನ್ನೊಂದು, ಬೆಕ್ಕಿನ ಬಾಲದ ಕೆಳಗೆ ಅಥವಾ ಅದು ಮಲಗುವ ಜಾಗದಲ್ಲಿ ಅಕ್ಕಿ ಕಾಳಿನಂಥ ಬಿಳಿ ಚೂರು ಕಂಡರೆ ಅದು ಲಾಡಿಹುಳ. ಮೈ ನೆಕ್ಕುವಾಗ ಚಿಗಟ ನುಂಗಿದರೆ ಬರುತ್ತದೆ. ಮಾಮೂಲಿ ಜಂತುಹುಳದ ಔಷಧಕ್ಕೆಲ್ಲ ಅದು ಹೋಗುವುದಿಲ್ಲ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಲಾಡಿಹುಳ ಅಂತಲೇ ಹೇಳಿ ಮಾತ್ರೆ ಕೇಳಿ.