ನೀವು ಕೇಳಿದ್ದು: ಬಾಸ್ಟನ್ನಿನ ಕಾಗದದಲ್ಲಿ ಕಾಮನ್‌ವೆಲ್ತ್ ಯಾಕೆ?

ಪ್ರಶ್ನೆ: ಅಮೆರಿಕದ ಬಾಸ್ಟನ್ನಿನಲ್ಲಿರುವ ನನ್ನ ಮಗಳಿಗೆ ಹೆಣ್ಣು ಮಗುವಾಯಿತು. ಜನನ ಪ್ರಮಾಣಪತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾಳೆ. ಅದರ ಮೇಲೆ ‘ಕಾಮನ್‌ವೆಲ್ತ್ ಆಫ್ ಮ್ಯಾಸಚೂಸೆಟ್ಸ್’ ಅಂತಿದೆ. ಕಾಮನ್‌ವೆಲ್ತ್ ಅಂದರೆ ಬ್ರಿಟಿಷರು ಆಳಿದ ದೇಶಗಳ ಕೂಟ ಅಲ್ವಾ? ಅಮೆರಿಕ ಅದಕ್ಕೆ ಯಾವಾಗ ಸೇರಿತು?
– ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ

ಉತ್ತರ: ಅಜ್ಜ ಆಗಿದ್ದೀರಿ, ಮೊದಲು ಅಭಿನಂದನೆ. ಅಮೆರಿಕ ಆ ಕೂಟದಲ್ಲಿಲ್ಲ. ಹಾಗಂತ ಕಾಗದದಲ್ಲಿ ತಪ್ಪೇನೂ ಇಲ್ಲ.

‘ವೆಲ್ತ್’ ಅಂತ ನೋಡಿದ ಕೂಡಲೇ ನಮಗೆ ದುಡ್ಡು ನೆನಪಾಗುತ್ತದೆ. ಹೈಸ್ಕೂಲಿನಲ್ಲಿ ‘ಸಾಮಾನ್ಯ ಸಂಪತ್ತು’ ಅಂತ ಬರೆದು ಮೇಷ್ಟ್ರ ಹತ್ತಿರ ಬೈಸಿಕೊಂಡವನು ನಾನು. ಹಿಂದೆ ಆ ಪದಕ್ಕೆ ಒಳಿತು, ಕ್ಷೇಮ ಅನ್ನುವ ಅರ್ಥವಿತ್ತು. ಕಾಮನ್‌ವೆಲ್ತ್ ಅಂದರೆ ಎಲ್ಲರ ಒಳಿತು. ನಮ್ಮ ಕಡೆಯ ‘ಊರೊಟ್ಟು’ ಇದೆಯಲ್ಲ, ಅದು ಇದಕ್ಕೆ ಹತ್ತಿರದ ಮಾತು. ಹೊಸನಗರದ ಹತ್ತಿರ ನಮ್ಮೂರಲ್ಲಿ ಮಳೆ ಹಿಡಿಯುವ ಮುಂಚೆ ಹಳ್ಳಕ್ಕೆ ಕಾಲುಸಂಕ ಹಾಕುತ್ತಿದ್ದೆವು. ಮನೆಗೊಂದು ಆಳು, ಮನೆಗೊಂದು ಅಡಿಕೆ ಮರ. ತೋಟ ಇಲ್ಲದವರು ಕಟ್ಟಲಿಕ್ಕೆ ಬಳ್ಳಿ ತರುತ್ತಿದ್ದರು. ಜಾರುವ ಸಂಕದ ಮೇಲೆ ದೊಡ್ಡ ಮನೆಯವರೂ ಬಿದಿರು ಹಿಡಿದುಕೊಂಡೇ ದಾಟಬೇಕಿತ್ತು.

ರಾಜ್ಯವೇ ಹೀಗೆ ಊರೊಟ್ಟಿನದು ಅಂತಾದರೆ ರಾಜನಿಗೆ ಏನು ಕೆಲಸ? 1649ರಲ್ಲಿ ಇಂಗ್ಲೆಂಡಿನಲ್ಲಿ ಮೊದಲನೇ ಚಾರ್ಲ್ಸ್ ದೊರೆಯ ತಲೆ ಕಡಿದು, ದೇಶವನ್ನು ಕಾಮನ್‌ವೆಲ್ತ್ ಅಂತ ಸಾರಿದರು. (1660ರಲ್ಲಿ ಮತ್ತೆ ರಾಜನನ್ನೇ ಕರೆಸಿಕೊಂಡರು, ಆ ಮಾತು ಬಿಡಿ.) ಮುಂದೆ ಬ್ರಿಟಿಷ್ ದೊರೆಯ ಹಂಗು ಹರಿದುಕೊಂಡ ಮ್ಯಾಸಚೂಸೆಟ್ಸ್‌ನವರು 1780ರ ತಮ್ಮ ಸಂವಿಧಾನದಲ್ಲಿ ಇದೇ ಹೆಸರು ಇಟ್ಟುಕೊಂಡರು. ಪೆನ್ಸಿಲ್ವೇನಿಯ, ವರ್ಜೀನಿಯ, ಕೆಂಟಕಿಯೂ ಹಾಗೇ ಕರೆದುಕೊಳ್ಳುತ್ತವೆ. ಹೆಸರಷ್ಟೇ. ಅಮೆರಿಕದ ಉಳಿದ ರಾಜ್ಯಗಳಿಗಿಂತ ಅಧಿಕಾರ ಕೂದಲೆಳೆಯಷ್ಟೂ ಜಾಸ್ತಿ ಇಲ್ಲ.

ನೀವು ಹೇಳುವ ಕೂಟದಲ್ಲಿ ಈಗ 56 ದೇಶಗಳಿವೆ. ಬ್ರಿಟಿಷರು ಆಳದೇ ಇದ್ದ ಮೊಜಾಂಬಿಕ್ ಕೂಡ ಅದರಲ್ಲಿದೆ. ತಮಾಷೆ ನೋಡಿ, ರಾಜ ಬೇಡ ಅಂದವರ ಪದ ಇಟ್ಟುಕೊಂಡ ಈ ಕೂಟಕ್ಕೆ ಬ್ರಿಟನ್ನಿನ ದೊರೆಯೇ ಮುಖ್ಯಸ್ಥ! ನಾವು ಗಣರಾಜ್ಯ ಆಗಲು ಹೊರಟಾಗ ಇದೇ ತೊಡಕಾಗಿತ್ತು. 1949ರ ಲಂಡನ್ ಘೋಷಣೆಯಲ್ಲಿ ದಾರಿ ಸಿಕ್ಕಿತು. ಭಾರತ ಗಣರಾಜ್ಯ ಆಗಿಯೂ ಕೂಟದಲ್ಲಿ ಇರಬಹುದು, ದೊರೆ ಕೂಟದ ಸಂಕೇತವಾಗಿ ಮಾತ್ರ ಇರುತ್ತಾರೆ ಅಂತ ಒಪ್ಪಂದವಾಯಿತು. ಆಸ್ತಿ ಪಾಲಾದ ಮೇಲೂ ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಮೊದಲು ಹಾಕಿಸುತ್ತೇವಲ್ಲ, ನನಗೆ ಹಾಗೆ ಕಾಣುತ್ತದೆ. ಲಂಡನ್ನಿನಲ್ಲಿರುವ ನಮ್ಮ ಪ್ರತಿನಿಧಿಯನ್ನು ಹೈಕಮಿಷನರ್ ಅನ್ನುವುದೂ ಈ ನಂಟಿನಿಂದಲೇ. ವಾಷಿಂಗ್ಟನ್ನಿನಲ್ಲಿ ಇರುವವರು ರಾಯಭಾರಿ.

ಇನ್ನು ಕಾಮನ್‌ವೆಲ್ತ್ ಕ್ರೀಡಾಕೂಟ. ನಮ್ಮ ಘಟ್ಟದ ಕೆಳಗಿನ ಕುಂದಾಪುರದ ಗುರುರಾಜ ಪೂಜಾರಿ ಭಾರ ಎತ್ತಿ 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದದ್ದು ಈ 56 ದೇಶಗಳ ಕೂಟದ ಕಾಮನ್‌ವೆಲ್ತ್‌ನಲ್ಲಿ. ನಿಮ್ಮ ಮೊಮ್ಮಗಳು ಮುಂದೆ ಅಮೆರಿಕದ ಪರ ಎಷ್ಟೇ ಭಾರ ಎತ್ತಲಿ, ಆ ಕಾಗದ ತೋರಿಸಿ ಅಲ್ಲಿಗೆ ಹೋಗಲಿಕ್ಕೆ ಆಗುವುದಿಲ್ಲ.